ಎಂಟೆಂಟು ಪಾಲು ಮಾಡಬ್ಯಾಡ

ಗದಗ

ಪ್ರೀತಿಯ ಅಳಿಯಾಗ ಮಾಮಾನ ಆಶೀರ್ವಾದ.

ಮೊನ್ನೆ ರಾತ್ರಿ ಫೋನಿನ್ಯಾಗ "ಮಾಮಾ, ನನ್ನ ನಸೀಬನ ಖೊಟ್ಟಿ, ಇನ್ನ ಮ್ಯಾಜಿಕ್ ಕಾರ್ಡಿನ ಆಟಾ ಆಡೂದಿಲ್ಲ" ಅಂದಿ. ನನಗ ನಿದ್ದಿ ಹತ್ತಲಿಲ್ಲ. ಲ್ಯಾಂಡ್ ಕಾರ್ಡ್ ಕೈಯಾಗಿದ್ರೂ ಬೇಕಾದ ಬಣ್ಣದ ಮಾನಾ (ಬ್ಯಾರೆ ಕಾರ್ಡ್ ಇಳಿಸಾಕ ಲ್ಯಾಂಡ್ ಕೊಡೂ ಶಕ್ತಿ) ಸಿಗಲಿಲ್ಲ ಅಂದ್ಯಲ್ಲ, ಅದು ನಸೀಬದ ಮಾತಲ್ಲಪಾ.

ಸೂಟಿಗೆ ಬಂದಾಗ ನೀ ನನ್ನ ನೋಟಬುಕ್ಕಿನ್ಯಾಗ ಡೆಕ್ಕಿನ, ಅಂದ್ರ ನೀ ಆಡೂ 60 ಕಾರ್ಡಿನ ಕಟ್ಟಿನ ಯಾದಿ ಬರದಿದ್ದಿ. ಮುಂಜಾನೆ ಹಳೇ ಕ್ಯಾಲೆಂಡರ್ ಹಾಳಿ ಕತ್ತರಿಸಿ 60 ಚೀಟಿ ಮಾಡಿ, ಕಲಸಿ, ಆಟದ ಮೊದಲ ಕೈಗೆ ಬರೂವಂಗ ಏಳೇಳು ತಗದು ನೋಡಿದೆ. 20 ಸಲದಾಗ 6 ಸಲ ಹಸಿರು ಮಾನಾ ಕೊಡೂ ಫಾರೆಸ್ಟ್ ಲ್ಯಾಂಡ್ ಒಂದೂ ಬರಲಿಲ್ಲ. ಆಮ್ಯಾಲ ಲೆಕ್ಕಾ ಹಾಕಿದೆ. 60ರಾಗ ಫಾರೆಸ್ಟ್ 8 ಇದ್ರ, 100 ಆಟದಾಗ ಸುಮಾರು 35 ಆಟಕ್ಕ ಮೊದಲ ಕೈಯಾಗ ಹಸಿರು ಇರೂದಿಲ್ಲ. 14 ಮಾಡಿದ್ರ ಆ 35 ಇಳದು 14ಕ್ಕ ಬರ್ತೈತಿ. ಮೊದಲನೇ ಪಾಳಿಗೆ ಒಂದು ಬಣ್ಣಾ ಬೇಕಂದ್ರ 14 ಮೂಲ (ಆ ಬಣ್ಣಾ ಕೊಡೂ ಲ್ಯಾಂಡ್) ಇರಬೇಕಂತ ಫ್ರಾಂಕ್ ಕಾರ್ಸ್ಟನ್ನನ ಲೆಕ್ಕವೂ ಹೇಳ್ತೈತಿ. ಅಂವಾ ದೊಡ್ಡ ಆಟಗಾರ, ಗಣಿತ ಬಲ್ಲಾಂವ. ಈ ಆಟಾ ಹುಟ್ಟಿಸಿದ ರಿಚರ್ಡ್ ಗಾರ್ಫೀಲ್ಡನೂ ಗಣಿತದಾಗ ಡಾಕ್ಟರೇಟ್ ಮಾಡಿದಾಂವನ. ಆಟಾ ಹೊರಗ ಬಂದದ್ದು, ಡಾಕ್ಟರೇಟ್ ಸಿಕ್ಕದ್ದು ಎರಡೂ 1993ರಾಗ. ಗಣಿತದ ಮಾಸ್ತರಗ ಇದು ಎಷ್ಟು ಖುಷಿ ಕೊಡ್ತೈತಿ ಅಂತ ನಿನಗ ಗೊತ್ತs ಐತಿ.

ಒಟ್ಟು 24 ಲ್ಯಾಂಡ್ ಇಟ್ಟದ್ದು ಬರೋಬ್ಬರಿ. ಮೊದಲ ಆಡಾಂವಗ ನಾಕನೇ ಪಾಳಿಗೆ 10 ಕಾರ್ಡ್ ಬಂದಿರ್ತಾವು, ಅದರಾಗ ಸರಾಸರಿ 4 ಲ್ಯಾಂಡ್. ತಪ್ಪಿದ್ದು ಹಂಚಿಕಿಯಾಗ. ಫಾರೆಸ್ಟ್ 8, ಕೆಂಪು ಕೊಡೂ ಮೌಂಟನ್ 8, ಕಪ್ಪು ಕೊಡೂ ಸ್ವಾಂಪ್ 8. ಮೂರು ಮಂದಿ ಅಣ್ತಮ್ಮರಿಗೆ ಹೊಲಾ ಪಾಲು ಹಚ್ಚಿದಂಗ ಹಚ್ಚೀದಿ. ಅವುಗಳ ಹಸಿವು ಸಮ ಎಲ್ಲೈತಿ? ಹಸಿರು ಎಲ್ಫ್ ಕಾರ್ಡ್ ಮೊದಲನೇ ಪಾಳಿಗೇ ಇಳೀಬೇಕು, ತಡಾ ಆದ್ರ ಅದರ ಬೆಲಿ ಹೋತು. ಕಪ್ಪು ಕಾರ್ಡ್ ಇರೂವs ಐದು, ಅವಕ್ಕಾಗಿ ಎಂಟು ಸ್ವಾಂಪ್ ಕಟ್ಟೀದಿ. ಕಪ್ಪು ಬಿಟ್ಟುಬಿಡು. ಅದರ ಮ್ಯಾಲ ನಿನಗ ಪ್ರೀತಿ ಐತಿ, ಬಲ್ಲೆ, ಆದರೂ ಬಿಡು.

ಇನ್ನ ಕೆಂಪು. ಎರಡನೇ ಪಾಳಿಗೆ ಎರಡು ಕೆಂಪು ಮಾನಾ ಕೇಳೂ ಕಾರ್ಡ್ ನಾಕು ಇಟ್ಟೀದಿ. ಅಂಥಾದ್ದಕ್ಕ 20ರ ಆಸುಪಾಸು ಕೆಂಪು ಮೂಲ ಬೇಕು. 14 ಹಸಿರು, 20 ಕೆಂಪು, ಕೂಡಿಸಿದ್ರ 34. ಇರೂ ಲ್ಯಾಂಡ್ 24. ಅಂದ್ರ ಎರಡೂ ಬಣ್ಣಾ ಕೊಡೂ ಲ್ಯಾಂಡ್ ಹತ್ತಾದ್ರೂ ಇರಬೇಕು, ಅವೂ ಅಡ್ಡ ಮಲಗಿ (ಬಂದ ಪಾಳಿಗೆ ಮಾನಾ ಕೊಡದs) ಬರೂವಲ್ಲ, ನೆಟ್ಟಗ ನಿಂತು (ಬಂದ ಕೂಡಲೇ ಕೊಡೂವಂಗ) ಬರೂವು. ಅಡ್ಡ ಬರೂ ಲ್ಯಾಂಡ್ ಮೊದಲನೇ ಪಾಳಿಯ ಲೆಕ್ಕಕ್ಕ ಹಿಡೀಬ್ಯಾಡ. ನಿನ್ನ ಕಡೆ ನೆಟ್ಟಗ ಬರೂವು ಆರs. ಅದಕ್ಕ ಎಲ್ಫ್ ಇಟಗೊ, ಆ ನಾಕು ತಗದು ಒಂದs ಕೆಂಪು ಕೇಳೂವು ಹಾಕು. ಆರು ಜೋಡಿ ಬಣ್ಣದವು, ಹತ್ತು ಫಾರೆಸ್ಟ್, ಎಂಟು ಮೌಂಟನ್: ಹಸಿರು 16, ಕೆಂಪು 14.

ಇಷ್ಟಾದ ಮ್ಯಾಲೂ ಹಸಿರಿಲ್ಲದ ಕೈ ಬಂದ್ರ ಆಸೆಗೆ ಬಿದ್ದು ಹಿಡಕೊಂಡು ಕುಂಡ್ರಬ್ಯಾಡ. ಮುಲ್ಲಿಗನ್ ತಗೊ, ಅಂದ್ರ ಆ ಕೈ ಡೆಕ್ಕಿನ್ಯಾಗ ಕಲಸಿ ಹೊಸಾ ಕೈ ತಗೊ. ಮತ್ತ ಏಳು ಬರ್ತಾವು, ಒಂದನ್ನ ಡೆಕ್ಕಿನ ತಳಕ್ಕ ಹಾಕಿದ್ರ ಆತು.

ಶನಿವಾರ ಮುಂಜಾನೆ ಗಾಡಿಗೆ ಹುಬ್ಬಳ್ಳಿಗೆ ಬರ್ತೀನಿ. ನಿಮ್ಮತ್ತಿ ಶೇಂಗಾ ಹೋಳಿಗಿ ಮಾಡ್ಯಾಳ, ಚೀಟಿ ಡಬ್ಬಿನೂ ತರ್ತೀನಿ. ಹೊಸಾ ಯಾದಿ ಬರದಿಡು, ಕೂಡಿ ಇನ್ನೊಂದು 20 ಕೈ ಹಂಚಿ ನೋಡೂಣು.

ನಿನ್ನ ಮಾಮಾ