ತಿಣುಕುವ ಮರಿಬೆಕ್ಕಿಗೆ ಹರಳೆಣ್ಣೆ ಬೇಡ

ಮಾನ್ಯ ಸಂಪಾದಕರೇ,

ಎರಡು ಮೂರು ತಿಂಗಳ ಮರಿಬೆಕ್ಕು ಪದೇ ಪದೇ ಕೂತು ತಿಣುಕಿದರೆ, ಮಲ ಕಟ್ಟಿದೆಯೆಂದು ಹರಳೆಣ್ಣೆ ಕುಡಿಸಿ ಎರಡು ದಿನ ಕಾಯುವವರು ದಾವಣಗೆರೆಯಲ್ಲಿ ಇಂದಿಗೂ ಇದ್ದಾರೆ. ಕಟ್ಟಿರುವುದು ಮೂತ್ರವಾಗಿದ್ದರೆ ಆ ಎರಡು ದಿನದಲ್ಲೇ ಮರಿ ಸಾಯಬಹುದು. ದೊಡ್ಡ ಗಂಡುಬೆಕ್ಕಿಗೆ ಮೂತ್ರದಲ್ಲಿ ಆಗುವ ಹರಳಿನಿಂದ ಮೂತ್ರ ಕಟ್ಟುವುದು ಹಲವರಿಗೆ ಗೊತ್ತು. ಹುಟ್ಟಿನಿಂದಲೇ ದಾರಿ ಕಿರಿದಾಗಿರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಗಂಡುಮರಿಯಲ್ಲಿ ಮೊದಲು ನೋಡಬೇಕಾದ್ದು ಮುಂದೊಗಲನ್ನು. ಅದರ ಬಾಯಿ ತೀರಾ ಚಿಕ್ಕದಿದ್ದರೆ ಮೂತ್ರ ಒಳಗೇ ತುಂಬಿ ಚರ್ಮ ಉಬ್ಬುತ್ತದೆ, ಆಮೇಲೆ ತೊಟ್ಟುತೊಟ್ಟಾಗಿ ಸೋರುತ್ತದೆ. ಸುತ್ತಲಿನ ಕೂದಲು ಸದಾ ಒದ್ದೆ, ನಾತ. ಬಾಯಿ ಅಗಲಿಸಿ, ಒಳಪದರವನ್ನು ಹೊರಚರ್ಮಕ್ಕೆ ಸೇರಿಸಿ ಹೊಲಿಯಬೇಕು. ಬರೀ ಕೊಯ್ದು ಬಿಟ್ಟರೆ ಗಾಯ ಮಾಯುವಾಗ ಮತ್ತೆ ಮುಚ್ಚಿಕೊಳ್ಳುತ್ತದೆ.

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳವೇ ಕಿರಿದಾಗಿದ್ದರೆ ಪತ್ತೆ ಕಷ್ಟ. ಒಂದೇ ಕಡೆ ಕಟ್ಟಿದ್ದರೆ ಮರಿ ಮೂತ್ರ ಮಾಡುತ್ತಲೇ ಇರುತ್ತದೆ. ಇನ್ನೊಂದು ಮೂತ್ರಪಿಂಡ ನಿಭಾಯಿಸುವುದರಿಂದ ಮೂತ್ರಪಿಂಡದ ಕೆಲಸ ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ಸರಿಯಾಗೇ ಬರಬಹುದು. ಅಷ್ಟರಲ್ಲಿ ಕಟ್ಟಿದ ಕಡೆಯ ಮೂತ್ರಪಿಂಡ ನೀರು ತುಂಬಿ ಹಾಳಾಗಿರುತ್ತದೆ. ಆದ್ದರಿಂದ ರಕ್ತಪರೀಕ್ಷೆಯೊಂದನ್ನೇ ನಂಬದೆ ಅಲ್ಟ್ರಾಸೌಂಡ್ ಮಾಡಿಸಿ. ಮೂತ್ರಪಿಂಡದೊಳಗಿನ ಕುಳಿ 13 ಮಿ.ಮೀ.ಗೂ ಹೆಚ್ಚು ಹಿಗ್ಗಿದ್ದರೆ ಅಡ್ಡಿ ಬಹುತೇಕ ಖಚಿತ. ಕಡಿಮೆಯಿದ್ದ ಮಾತ್ರಕ್ಕೆ ಅಡ್ಡಿ ಇಲ್ಲವೆನ್ನುವಂತಿಲ್ಲ. ಕೆಲವು ಬೆಕ್ಕುಗಳಲ್ಲಿ ಈ ನಾಳ ಹೊಟ್ಟೆಯ ಮಹಾಸಿರೆಯನ್ನು ಬಳಸಿಕೊಂಡು ಬರುತ್ತದೆ. ಅದು ತೊಂದರೆ ಕೊಡದೆಯೂ ಇರಬಹುದು, ಕಂಡಿತೆಂದು ಕೊಯ್ಯುವುದು ತಪ್ಪು.

ಮೂತ್ರಕೋಶ ನಿಂಬೆಹಣ್ಣಿನಂತೆ ಗಟ್ಟಿಯಾಗಿ ಕೈಗೆ ಸಿಕ್ಕು, ಮರಿ ವಾಂತಿ ಮಾಡಿ ಮೈ ತಣ್ಣಗಾಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರುತ್ತದೆ. ಕೊಲ್ಲುವುದು ಅದೇ. ವೈದ್ಯರು ಅರಿವಳಿಕೆ ಕೊಡುವ ಮುನ್ನ 10% ಕ್ಯಾಲ್ಸಿಯಂ ಗ್ಲುಕೋನೇಟನ್ನು ಕೆ.ಜಿ.ಗೆ 0.5ರಿಂದ 1 ಮಿ.ಲೀ.ನಂತೆ, 5–10 ನಿಮಿಷ ಹಿಡಿದು, ಎದೆಬಡಿತ ಗಮನಿಸುತ್ತಾ ರಕ್ತನಾಳಕ್ಕೆ ಕೊಡಬೇಕು. ಇದು ಹೃದಯವನ್ನು ಅರ್ಧ ಗಂಟೆ ಕಾಯುತ್ತದೆಯೇ ಹೊರತು ಪೊಟ್ಯಾಸಿಯಂ ಇಳಿಸುವುದಿಲ್ಲ, ಡ್ರಿಪ್ ಜೊತೆಗೇ ಓಡುತ್ತಿರಬೇಕು. ಅಡ್ಡಿ ಬಿಡಿಸಿದ ಮೇಲೆ ಮೂತ್ರ ಧಾರಾಳವಾಗಿ ಹರಿಯುತ್ತದೆ. ಅಳೆದು ಅಷ್ಟು ನೀರು ಡ್ರಿಪ್‌ನಲ್ಲಿ ತುಂಬದಿದ್ದರೆ, ಬದುಕಿ ಉಳಿದ ಮರಿ ನಿರ್ಜಲೀಕರಣದಿಂದ ಹೋಗುತ್ತದೆ.

ಮನೆಯವರು ದಯವಿಟ್ಟು ಹೊಟ್ಟೆ ಹಿಸುಕಬೇಡಿ, ಮೂತ್ರಕೋಶ ಒಡೆಯುತ್ತದೆ. ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಪಶುಪಾಲನಾ ಇಲಾಖೆಗೆ ನಮ್ಮ ಮನವಿ: ದನಗಳ ಗರ್ಭಪರೀಕ್ಷೆಯ ಅಲ್ಟ್ರಾಸೌಂಡ್ ಪ್ರೋಬ್ (ಮೈಮೇಲೆ ಹಿಡಿಯುವ ಭಾಗ) ಮರಿಬೆಕ್ಕಿನ ಹೊಟ್ಟೆಗೆ ತಕ್ಕುದಲ್ಲ. ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ಸಣ್ಣ ಪ್ರಾಣಿಗಳಿಗೆ ಬೇಕಾದ ಮೈಕ್ರೊಕಾನ್ವೆಕ್ಸ್ (ಚಿಕ್ಕ, ಬಾಗಿದ ಮುಖದ) ಪ್ರೋಬ್, 3.5 ಫ್ರೆಂಚ್ (ಕೊಳವೆಯ ದಪ್ಪದ ಅಳತೆ) ಹಾಗೂ ಅದಕ್ಕೂ ಸಪೂರದ ಕ್ಯಾಥೆಟರ್‌ಗಳು, ಅಂದರೆ ಮೂತ್ರ ಹೊರತೆಗೆಯುವ ಕೊಳವೆಗಳು, ಸದಾ ಸಿಗುವಂತಾಗಲಿ. ನಾಳದ ಶಸ್ತ್ರಚಿಕಿತ್ಸೆ ಬೇಕಾದ ಮರಿಗಳನ್ನು ಪೊಟ್ಯಾಸಿಯಂ ಇಳಿಸಿ, ಸ್ಥಿತಿ ಸುಧಾರಿಸಿದ ಮೇಲೆಯೇ ಶಿವಮೊಗ್ಗ ಅಥವಾ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬೇಕು.

— ಪಶುವೈದ್ಯ ಮಿತ್ರರು, ದಾವಣಗೆರೆ