ಪಾಪುವಿನ ಲಸಿಕೆಯ ವಿಷಯವಾಗಿ

ಮಾಟುಂಗಾ, ಮುಂಬಯಿ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಾಪುವಿಗೆ ಹತ್ತು ತಿಂಗಳು ತುಂಬಿದರೂ ದಡಾರ-ರುಬೆಲ್ಲಾ ಲಸಿಕೆ ಹಾಕಿಸದೆ ಮುಂದೂಡುತ್ತಿರುವೆ ಎಂದು ನಿನ್ನ ಅಮ್ಮ ತಿಳಿಸಿದಳು. ಈ ಲಸಿಕೆಯಿಂದ ಮಕ್ಕಳಿಗೆ ಆಟಿಸಂ, ಅಂದರೆ ಮಾತು ಮತ್ತು ಇತರರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಬರುತ್ತದೆಂದು ಹೇಳುವ ವಿಡಿಯೋ ನೀನು ಕಳುಹಿಸಿದ್ದೆಯಲ್ಲ, ಅದನ್ನು ನೋಡಿದೆ, ಅದರ ಕೆಳಗಿನ ಮಾತುಗಳನ್ನೂ ಓದಿದೆ. ಹೆತ್ತವಳ ಭಯವನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಆ ಭಯ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ವಿಚಾರ ಮಾಡಬೇಕು, ಮಗಳೇ.

ಚುಚ್ಚುಮದ್ದಿನ ನಂತರ ತನ್ನ ಮಗು ಮಾತಾಡುವುದನ್ನೇ ನಿಲ್ಲಿಸಿತೆಂದು ಒಬ್ಬ ತಾಯಿ ಅಲ್ಲಿ ಬರೆದಿದ್ದಾಳೆ. ಕೆಳಗೆ ಕೈಮುಗಿದ ಇಮೋಜಿಗಳು, ತಾವಂತೂ ಹಾಕಿಸುವುದಿಲ್ಲವೆಂಬ ಸಾಲುಗಳು. ಆಕೆ ಸುಳ್ಳು ಬರೆದಿದ್ದಾಳೆಂದು ನಾನು ಹೇಳುವುದಿಲ್ಲ. ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಒಂದರಿಂದ ಎರಡು ವರ್ಷದೊಳಗೆ, ಈ ಲಸಿಕೆಯ ಎರಡನೆಯ ಡೋಸು ಕೊಡುವುದೂ 16ರಿಂದ 24 ತಿಂಗಳೊಳಗೆ. ಒಂದರ ಬೆನ್ನಿಗೆ ಇನ್ನೊಂದು ಬಂದಾಗ ಮೊದಲಿನದೇ ಕಾರಣವೆಂದು ನೊಂದ ಮನಸ್ಸಿಗೆ ತೋರುವುದು ಸಹಜ. ಲಸಿಕೆ ಹಾಕಿಸಿಕೊಂಡು ಆಡಿಕೊಂಡಿರುವ ಕೋಟ್ಯಂತರ ಮಕ್ಕಳ ತಾಯಂದಿರಾರೂ ಏನೂ ಆಗಲಿಲ್ಲವೆಂದು ಬರೆಯಲು ಕೂರುವುದಿಲ್ಲ. ನೀನು ಅಂಥ ಒಂದು ವಿಡಿಯೋ ಪೂರ್ತಿ ನೋಡಿದೆಯೆಂದರೆ ಫೋನು ಅದೇ ಬಗೆಯ ಇನ್ನೂ ಹತ್ತನ್ನು ಮುಂದಿಡುತ್ತದೆ, ಊರಿಗೆ ಊರೇ ಹೀಗೆ ಹೇಳುತ್ತಿದೆಯೆಂದು ಅನ್ನಿಸತೊಡಗುತ್ತದೆ.

ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತಿನ ಬೇರು 1998ರಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು ಪ್ರಕಟಿಸಿದ ಲೇಖನದಲ್ಲಿದೆ. ಅದನ್ನು ಅಚ್ಚುಹಾಕಿದ್ದ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಯಾವ ಸಂಬಂಧವೂ ಕಾಣಲಿಲ್ಲ. ಲೇಖನ ಹೋಯಿತು, ಭಯ ಮಾತ್ರ ಫೋನಿನಿಂದ ಫೋನಿಗೆ ಸಾಗುತ್ತಲೇ ಇದೆ.

ದಡಾರವನ್ನು ಬಂದು ಹೋಗುವ ಜ್ವರವೆಂದು ತಿಳಿಯಬೇಡ. ಲಸಿಕೆಯಿಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲ ಕಾಯಿಲೆಯದು. ನ್ಯುಮೋನಿಯಾ ಆಗಬಹುದು, ಮಿದುಳಿಗೆ ಬಾವು ಬರಬಹುದು, ಕಣ್ಣು ಹೋಗಬಹುದು. 2022ರ ಕೊನೆಯಲ್ಲಿ ನಮ್ಮ ಮುಂಬಯಿಯ ಗೋವಂಡಿಯಲ್ಲಿ ಅದು ಹಬ್ಬಿ ಮಕ್ಕಳು ತೀರಿಕೊಂಡದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿ ಕರಗುವ ಹೊತ್ತಿಗೇ, ಒಂಬತ್ತು ತಿಂಗಳಿಗೆ, ಮೊದಲ ಡೋಸು ಗೊತ್ತುಮಾಡಿದ್ದಾರೆ. ನೀನಿರುವ ಪುಣೆಯಲ್ಲೇ ತಯಾರಾದ ದಡಾರ ಲಸಿಕೆ ಎಷ್ಟೋ ದೇಶಗಳ ಮಕ್ಕಳಿಗೆ ಹೋಗುತ್ತಿರುವಾಗ ನಮ್ಮ ಪಾಪುವಿನ ಕಾರ್ಡಿನಲ್ಲಿ ಆ ಜಾಗ ಖಾಲಿ ಇರುವುದು ನನಗೆ ಸಹಿಸದು.

ನಿನ್ನ ಪ್ರಶ್ನೆಗಳನ್ನು ಬರೆದುಕೊಂಡು ಮಕ್ಕಳ ಡಾಕ್ಟರರ ಬಳಿ ಹೋಗು. ಪಾಪುವಿಗೆ ಹಿಂದೆ ಯಾವುದಾದರೂ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳು. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರು. ಒಂದು ವಾರ, ಹತ್ತು ದಿನದ ನಂತರ ಕೆಲವು ಮಕ್ಕಳಿಗೆ ಜ್ವರ, ಸಣ್ಣ ಗುಳ್ಳೆ ಬಂದು ತಾವಾಗಿ ಇಳಿಯುತ್ತವೆ. ಆಗ ಫೋನಿನಲ್ಲಿ ಹುಡುಕುತ್ತ ಕೂರದೆ ಡಾಕ್ಟರರಿಗೇ ಕರೆ ಮಾಡು. ಅಳಿಯಂದಿರಿಗೆ ರಜೆ ಸಿಗದಿದ್ದರೆ ತಿಳಿಸು, ಹಿಂದಿನ ದಿನವೇ ಬಂದು ನಾನು ಜೊತೆಗೆ ಬರುತ್ತೇನೆ.

ಇತಿ, ನಿನ್ನ ದೊಡ್ಡಮ್ಮ