ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ

ಈ ಆಷಾಢಕ್ಕೆ ನಮ್ಮವರು ಕುಡಿತ ಬಿಟ್ಟು ಒಂದು ವರ್ಷ ಆಯಿತು. ನಡುವೆ ಏನೇನು ನಡೆಯಿತು ಅಂತ ಹತ್ತಿರದವರಿಗೆಲ್ಲ ಗೊತ್ತು. ಆಸ್ಪತ್ರೆ, ಕೋರ್ಟು, ಸಾಲ ಅಂತ ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಇದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ.

ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದೀರಿ. ವಾರ್ಡಿನ ಡಾಕ್ಟರು, ನರ್ಸುಗಳು, ಕೌನ್ಸೆಲರ್, ಫೀಸು ತಗೊಳ್ಳದೆ ಕೋರ್ಟಿಗೆ ಬಂದ ವಕೀಲರು, ನನ್ನ ಕೆಲಸ ಹಂಚಿಕೊಂಡ ಆಫೀಸಿನ ಗೆಳತಿಯರು, ಮಗಳಿಗೆ ಊಟ ಹಾಕಿ ತಮ್ಮ ಮನೆಯಲ್ಲೇ ಮಲಗಿಸಿಕೊಂಡ ಕೆಳಗಿನ ಮನೆ ಆಂಟಿ, ಕುಡಿತದ ಚಟ ಇರುವವರ ಮನೆಯವರು ಸೇರುವ ಅಲ್-ಅನಾನ್ ಮೀಟಿಂಗಿನಲ್ಲಿ ಯಾರು ಏನು ಅಂತ ವಿಚಾರಿಸದೆ ನನ್ನ ಮಾತು ಕೇಳಿಸಿಕೊಂಡ ಹೆಂಗಸರು, ನಿಮಗೆಲ್ಲ ಕೈ ಮುಗಿಯುತ್ತೇನೆ. ಇನ್ನು ಬರೆಯುವುದೆಲ್ಲ ಅಕ್ಕನ ಬಗ್ಗೆ. ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಮಂಡ್ಯದಲ್ಲಿರುತ್ತಾರೆ. ಹಬ್ಬ ಹರಿದಿನಕ್ಕೆ ಸೇರುತ್ತಿದ್ದೆವು, ಅಷ್ಟೇ. ಮನಸ್ಸು ಬಿಚ್ಚಿ ಮಾತಾಡುವಷ್ಟು ಸಲಿಗೆ ನಮ್ಮಿಬ್ಬರಿಗೆ ಇರಲಿಲ್ಲ. ಹೋದ ವರ್ಷ ಅವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುವ ಹರಕೆ ಇತ್ತು. ಆಷಾಢ ಶುಕ್ರವಾರಕ್ಕೆ ಅಂತ ಗುರುವಾರ ಸಂಜೆಯೇ ಮೈಸೂರಿಗೆ, ನಮ್ಮ ಮನೆಗೆ ಬಂದರು. ಬೆಳಗಿನ ಜಾವ ಮೂರಕ್ಕೆ ಹೊರಡುವುದು ಅಂತ ಮಾತಾಗಿತ್ತು. ಇಬ್ಬರೂ ಮಲಗಲೇ ಇಲ್ಲ. ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿಕೊಂಡು ಅರಿಶಿನ, ಕುಂಕುಮವನ್ನು ಸ್ಟೀಲ್ ಡಬ್ಬಿಗಳಿಗೆ ತುಂಬುತ್ತಿದ್ದೆವು. ಆಗ ನಮ್ಮವರ ಫೋನ್ ಬಂತು. ನಂಜನಗೂಡು ರಸ್ತೆಯ ಡಾಬಾದಲ್ಲಿದ್ದರು. ಮಾತು ತೊದಲುತ್ತಿತ್ತು. "ಇನ್ನೊಂದ್ ಸ್ವಲ್ಪ ಹೊತ್ತು, ಬಂದ್ಬಿಡ್ತೀನಿ. ನಾನೇ ನಿಮ್ಮನ್ನ ಬೆಟ್ಟಕ್ಕೆ ಬಿಡ್ತೀನಿ" ಅಂದರು.

ಆಟೋದಲ್ಲಿ ಬನ್ನಿ ಅಂದೆ. ಕೇಳಲಿಲ್ಲ. ಜೊತೆಗಿದ್ದವರಿಗೆ ಫೋನ್ ಕೊಡಿ ಅಂದೆ, ಕೀ ಕಿತ್ತುಕೊಳ್ಳಿ ಅಂತ ಅವರನ್ನು ಬೇಡಿಕೊಂಡೆ. "ಏನಾಗಲ್ಲ ಸಿಸ್ಟರ್, ದಿನಾ ಓಡ್ಸಲ್ವಾ" ಅಂದರು.

ಆಷಾಢ ಶುಕ್ರವಾರ ಮೈಸೂರು ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಇನ್ನೂ ಕತ್ತಲಿರುವಾಗಲೇ ಜನ ಬೆಟ್ಟದ ಕಡೆ ಹೊರಟಿರುತ್ತಾರೆ. ವಯಸ್ಸಾದವರು, ಮಗು ಎತ್ತಿಕೊಂಡ ತಾಯಂದಿರು, ಬರಿಗಾಲಲ್ಲಿ, ರಸ್ತೆಯ ಅಂಚಿನಲ್ಲೇ. ಆ ರಸ್ತೆಗಳ ಮೇಲೆಯೇ ಇವರು ಆ ಸ್ಥಿತಿಯಲ್ಲಿ ಕಾರು ಓಡಿಸಿಕೊಂಡು ಬರುವವರಿದ್ದರು.

ಪೊಲೀಸರಿಗೆ ಹೇಳಲೋ ಬೇಡವೋ ಅನ್ನುವ ಸಂಕಟ ಅವತ್ತು ಶುರುವಾದದ್ದಲ್ಲ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಫೋನಿನಲ್ಲಿ ಹುಡುಕಿ ಓದಿದ್ದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಬಾಯಿಪಾಠ ಆಗಿತ್ತು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 15,000, ಜೈಲು 2 ವರ್ಷದವರೆಗೆ. ರಸ್ತೆಯಲ್ಲೇ ದಂಡ ಕಟ್ಟಿ ಬರುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು. ಲೈಸೆನ್ಸ್ ಅಮಾನತಾಗಬಹುದು. ಇನ್ನು ಕಾರು ಇದ್ದದ್ದು ನನ್ನ ಹೆಸರಲ್ಲಿ. ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸಿನಲ್ಲಿ ಮಾಲೀಕಳು ಅಂತ ನಾನೂ ನಿಲ್ಲಬೇಕು. ಇಷ್ಟೆಲ್ಲ ತಿಳಿದುಕೊಂಡಿದ್ದರೂ ಕಟ್ಟಿಕೊಂಡ ಗಂಡನನ್ನು ಹಿಡಿದುಕೊಡಲು ಕೈ ಬರುತ್ತಿರಲಿಲ್ಲ. ಅವರ ಕೆಲಸ ಹೋದರೆ? ಮನೆಗೆ ಬಂದು ಕೈ ಮಾಡಿದರೆ? ಅಪ್ಪನನ್ನು ಪೊಲೀಸರಿಗೆ ಹಿಡಿಸಿದೆ ಅಂತ ನಾಳೆ ಮಗಳೇ ಅಂದರೆ?

ಅಕ್ಕ ಬುದ್ಧಿ ಹೇಳಲಿಲ್ಲ. ಕುಂಕುಮದ ಡಬ್ಬಿ ಪಕ್ಕಕ್ಕಿಟ್ಟು, "ಹೇಳಿದ್ರೆ ಏನಾಗುತ್ತೆ? ಒಂದೊಂದಾಗಿ ಹೇಳು" ಅಂದರು. ಹೇಳುತ್ತಾ ಹೋದೆ. ಕೋರ್ಟು, ದಂಡ, ಮರ್ಯಾದೆ, ಅತ್ತೆಯ ಮಾತು, ನಾದಿನಿಯ ಮಾತು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೇಳ್ದೆ ಇದ್ರೆ?" ಅಂದರು.

ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆದೇಬಿಡುತ್ತೇನೆ. ಗುದ್ದುವುದಾದರೆ ಯಾವುದಾದರೂ ಮರಕ್ಕೆ ಗುದ್ದಿಕೊಳ್ಳಲಿ ದೇವರೇ, ನಡೆದು ಹೋಗುವವರ ಮೇಲೆ ಮಾತ್ರ ಹರಿಸದಿರಲಿ ಅನ್ನಿಸಿತು. ನನ್ನ ಮಗಳ ಅಪ್ಪನ ಬಗ್ಗೆ ನನಗೆ ಹಾಗನ್ನಿಸಿತು. ಅದನ್ನು ಅಕ್ಕನ ಮುಂದೆ ಹೇಳಿಯೂಬಿಟ್ಟೆ. ಅವರ ಮೈದುನನ ವಿಷಯ. ಬೇರೆ ಯಾರಾದರೂ ಆಗಿದ್ದರೆ ಎಂಥ ಹೆಂಗಸು ಇವಳು ಅಂದುಕೊಳ್ಳುತ್ತಿದ್ದರೇನೋ. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟು, "ಅವ್ನೂ ಉಳೀಲಿ, ಅವ್ರೂ ಉಳೀಲಿ. ನಾನ್ ಮಾಡ್ಲಾ ಫೋನು?" ಅಂದರು. ಬೇಡ, ನಾನೇ ಮಾಡ್ತೀನಿ ಅಂದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಕಟ್ಟೆಯ ಮೇಲಿದ್ದ ನನ್ನ ಫೋನ್ ತೆಗೆದುಕೊಟ್ಟರು. ಎಷ್ಟು ಒರೆಸಿಕೊಂಡಿದ್ದರೂ ಸ್ಕ್ರೀನಿನ ಮೇಲೆ ಅವರ ಹೆಬ್ಬೆರಳು ಕೆಂಪಗೆ ಮೂಡಿತ್ತು.

112ಕ್ಕೆ ಮಾಡಿದೆ. ಕಾರಿನ ನಂಬರು, ಬಣ್ಣ, ಎಲ್ಲಿಂದ ಹೊರಡುತ್ತಾರೆ, ಯಾವ ಕಡೆ ಬರುತ್ತಾರೆ ಎಲ್ಲ ಹೇಳಿದೆ. "ನೀವು ಅವ್ರಿಗೆ ಏನಾಗ್ಬೇಕು ಮೇಡಂ?" ಅಂತ ಕೇಳಿದರು. "ಹೆಂಡ್ತಿ" ಅಂದೆ. ರಿಂಗ್ ರೋಡಿಗೆ ಬರುವ ಮೊದಲೇ ತಡೆದು, ಊದಿಸಿ, ಕಾರು ಹಿಡಿದಿಟ್ಟುಕೊಂಡರು. ಅವತ್ತು ಡ್ಯೂಟಿಯಲ್ಲಿದ್ದವರು ಯಾರು ಅಂತಲೂ ನನಗೆ ಗೊತ್ತಿಲ್ಲ. ಅವರಿಗೆ ನನ್ನ ನಮಸ್ಕಾರ.

ಅಕ್ಕ ಬೆಟ್ಟಕ್ಕೆ ಹೋಗಲಿಲ್ಲ. ನೀವು ಹೋಗಿ ಬನ್ನಿ ಅಂದರೂ ಕೇಳಲಿಲ್ಲ. "ತಾಯಿಗೆ ಅರ್ಥ ಆಗುತ್ತೆ, ಸುಮ್ನಿರು" ಅಂದರು. ಇಬ್ಬರೂ ಹಾಲ್‌ನಲ್ಲೇ ಕೂತಿದ್ದೆವು. ಬೆಳಗಾಗುವ ಹೊತ್ತಿಗೆ ನಮ್ಮವರು ಆಟೋದಲ್ಲಿ ಬಂದರು. ಬಾಗಿಲಲ್ಲೇ "ಯಾರು ಹೇಳಿದ್ದು?" ಅಂತ ಕೂಗಿದರು. ನಾನೇ ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅಕ್ಕ ಎದ್ದು ನಿಂತು, "ಇಬ್ರೂ ಸೇರಿ ಮಾಡಿದ್ದು. ಏನ್ ಕೇಳ್ಬೇಕೋ ನನ್ನೇ ಕೇಳು" ಅಂದರು. ಅತ್ತಿಗೆಯ ಎದುರು ಅವರು ಯಾವತ್ತೂ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ಒಳಗೆ ಹೋಗಿ ಮಲಗಿದರು.

ಫೋನ್ ಮಾಡಿದವಳು ನಾನು. ಆದರೆ ಆ ಒಂದು ಮಾತಿನಿಂದ ಅಕ್ಕ ನನ್ನ ಭಾರದಲ್ಲಿ ಅರ್ಧವನ್ನು ತಮ್ಮ ತಲೆ ಮೇಲೆ ಹಾಕಿಕೊಂಡರು. ಆಮೇಲೆ ಮನೆಯವರ ಕಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಅವರ ಪಾಲಾಯಿತು. ಅವಳು ಚಿಕ್ಕವಳು, ದೊಡ್ಡವಳಾಗಿ ಇವಳಿಗೆ ಬುದ್ಧಿ ಬೇಡವಾ ಅಂದರು. ಮನೆ ಮುರಿದವಳು ಅಂದರು. ಗೌರಿ ಹಬ್ಬಕ್ಕೆ ಬಾಗಿನವನ್ನೂ ಕೊಡಲಿಲ್ಲ. ಅಕ್ಕ ಯಾರಿಗೂ ತಿರುಗಿಸಿ ಮಾತಾಡಲಿಲ್ಲ. ಮಂಡ್ಯದಿಂದ ರೈಲಿನಲ್ಲಿ ಬಂದು, ಆಸ್ಪತ್ರೆಗೆ ಊಟ ಕೊಟ್ಟು, ನನ್ನ ಮುಖ ನೋಡಿ ಹೋಗುತ್ತಿದ್ದರು.

ಆಸ್ಪತ್ರೆಗೆ ಸೇರಿಸಿದ್ದೂ ಅಕ್ಕನ ಹಟದಿಂದಲೇ. ಸಾರಿನಲ್ಲಿ ಪುಡಿ ಕಲಸಿ ಕೊಡು, ಗೊತ್ತೇ ಆಗಲ್ಲ ಅಂತ ಕೆಲವರು ಹೇಳಿದ್ದರು. ರೂಮಿಗೆ ಹಾಕಿ ಬೀಗ ಹಾಕು, ತಾನಾಗೇ ಬಿಡ್ತಾನೆ ಅಂತ ಇನ್ನು ಕೆಲವರು. ದಯವಿಟ್ಟು ಎರಡನ್ನೂ ಮಾಡಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮೆ ಆಗಬಹುದು, ಜೀವವೇ ಹೋಗಬಹುದು. ಗೊತ್ತಿಲ್ಲದ ಹಾಗೆ ಕೊಟ್ಟ ಔಷಧಿಯ ಮೇಲೆ ಕುಡಿದರೂ ಪ್ರಾಣಕ್ಕೆ ಅಪಾಯ ಆಗಬಹುದು. ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು. ಎಲ್ಲಿಗೆ ಹೋಗಬೇಕು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಮಾಡಬಹುದು.

ನಮ್ಮವರ ಬಗ್ಗೆಯೂ ಎರಡು ಮಾತು. ನೀನು ಮಾಡಿದ್ದು ಸರಿ ಅಂತ ಅವರು ಹೇಳಿಲ್ಲ. ಹೇಳಲಿ ಅಂತ ನಾನು ಕಾಯುತ್ತಲೂ ಇಲ್ಲ. ಬೆಳಿಗ್ಗೆ ಮಾತ್ರೆ ತಗೊಳ್ಳುತ್ತಾರೆ. ಸಂಜೆ ಕುಡಿತ ಬಿಟ್ಟವರ ಮೀಟಿಂಗಿಗೆ ಹೋಗುತ್ತಾರೆ. ನೆಂಟರ ಮನೆ ಸಮಾರಂಭದಲ್ಲಿ ಬಾಟಲಿ ಹೊರಗೆ ಬರುವ ಲಕ್ಷಣ ಕಂಡರೆ ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಎಷ್ಟು ಕಷ್ಟಪಡುತ್ತಿದ್ದಾರೆ ಅಂತ ದಿನಾ ನೋಡುತ್ತಿದ್ದೇನೆ. ಇದನ್ನು ಓದಿ ಹೇಳಿದಾಗ ಒಂದೇ ಒಂದು ಮಾತು ಅಂದರು: "ಅತ್ತಿಗೆ ವಿಷಯ ಇನ್ನೂ ಸ್ವಲ್ಪ ಬರಿ."

ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಎಲ್ಲರೂ ಇದನ್ನು ಓದುತ್ತೀರಿ ಅಂತ ಗೊತ್ತು. 112ಕ್ಕೆ ಫೋನ್ ಮಾಡಿದ್ದು ನಾನು, ನನ್ನ ಫೋನಿನಿಂದ, ನನ್ನ ಬಾಯಿಂದ. ಸಿಟ್ಟಿದ್ದರೆ ನನ್ನ ಹತ್ತಿರ ಬನ್ನಿ, ಕೂತು ಮಾತಾಡೋಣ. ಶ್ರಾವಣದಲ್ಲಿ ಮನೆಯಲ್ಲಿ ಮದುವೆ ಇದೆ. ಅಕ್ಕನಿಗೆ ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸಿ ಸುಮ್ಮನಾಗಬೇಡಿ. ಮಂಡ್ಯಕ್ಕೆ ಹೋಗಿ, ಕುಂಕುಮ ಕೊಟ್ಟು, ಬಾಯ್ತುಂಬ ಕರೆದು ಬನ್ನಿ.